ಜಪಸರದ ದಾರ: ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಪೋಣಿಕೆ

ರುದ್ರಾಕ್ಷಿ, ತುಳಸಿ, ಸ್ಫಟಿಕ, ತಾವರೆಬೀಜ ಮೊದಲಾದ ಮಣಿಗಳನ್ನು ಜಪ ಎಣಿಸುವುದಕ್ಕೆ ಅಥವಾ ಕೊರಳಲ್ಲಿ ಧರಿಸುವುದಕ್ಕೆ ಪೋಣಿಸುವ ನೂಲು, ಹುರಿ, ತಂತಿಗಳಿಗೆ ಒಟ್ಟಾಗಿ ಜಪಸರದ ದಾರ ಎನ್ನಬಹುದು. ಮಣಿಯ ಮುಖ, ಬಣ್ಣ, ಬೆಲೆ, ಫಲಗಳ ಬಗ್ಗೆ ಪುಟಗಟ್ಟಲೆ ಬರೆದವರಿದ್ದಾರೆ. ದಾರದ ಬಗ್ಗೆ ಬರೆದವರು ಕಡಿಮೆ. ಒಳ್ಳೆಯ ರುದ್ರಾಕ್ಷಿ ಮೂರು ತಲೆಮಾರು ಬಾಳುತ್ತದೆ. ಅದು ಕಳೆದುಹೋಗುವುದು ಹೆಚ್ಚಾಗಿ ದಾರದ ದೆಸೆಯಿಂದ. ಹೀಗಾಗಿ ಅಂಗಡಿಗೆ ಸರ ತಂದವರು ಹೇಳುವ ಮೊದಲ ಮಾತು ‘ಗಟ್ಟಿ ದಾರ ಹಾಕಿ ಕೊಡ್ರಿ’ ಎಂಬುದೇ. ಆ ಮಾತು ಅರ್ಧ ಸರಿ. ದಾರ ಮಣಿಗಿಂತ ಗಟ್ಟಿಯಾದರೆ ಸವೆಯುವುದು ಮಣಿ. ಮಣಿಯ ತೂತು, ತೊಡುವವರ ಮೈ, ನೀರು, ಭಸ್ಮ, ವ್ರತದ ಅವಧಿ ಇವಿಷ್ಟನ್ನೂ ನೋಡಿ ಆರಿಸಿದ ದಾರ, ತಾನು ಸವೆದು ಮಣಿಯನ್ನು ಉಳಿಸುತ್ತದೆ.

ಸೀಮೆ ಮತ್ತು ಸರ

1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಯಲ್ಲಿ ಈ ನಾಲ್ಕೂ ತಾಲೂಕುಗಳಿವೆ. ಹಾನಗಲ್ ಮತ್ತು ಹಿರೇಕೆರೂರು ಮಲೆನಾಡಿನ ಸೆರಗು. ಸವಣೂರಿನ ಕಡೆ ಬಯಲು, ಎರೆಹೊಲ. ಒಂದೇ ಜಿಲ್ಲೆಯೊಳಗೆ ಮಳೆ, ತೇವ ಇಷ್ಟು ಬದಲಾಗುವುದು ದಾರದ ವಿಚಾರದಲ್ಲಿ ಸಣ್ಣ ಸಂಗತಿಯಲ್ಲ. ಸವಣೂರಿನಲ್ಲಿ ವರ್ಷಗಟ್ಟಲೆ ನಡೆಯುವ ಹತ್ತಿದಾರಕ್ಕೆ ಹಾನಗಲ್ಲಿನ ಮಳೆಗಾಲದಲ್ಲಿ ಬೂಷ್ಟು ಬರುತ್ತದೆ.

ಇಲ್ಲಿ ಮಣಿ ಕಟ್ಟಿಕೊಳ್ಳುವವರ ಪಂಗಡಗಳೂ ಹಲವು. ವೀರಶೈವ ಲಿಂಗಾಯತರಿಗೆ ಅಷ್ಟಾವರಣದಲ್ಲಿ ರುದ್ರಾಕ್ಷಿಯೂ ಒಂದು. ಹಾನಗಲ್ಲಿನ ವಿರಕ್ತಮಠದ ಕುಮಾರ ಶಿವಯೋಗಿಗಳು (1867–1930) 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಬಾದಾಮಿ ಬಳಿ ಶಿವಯೋಗಮಂದಿರವನ್ನೂ ಕಟ್ಟಿದವರು. ಶುದ್ಧ ಕ್ರಮದ ವಿಭೂತಿ ತಯಾರಿಕೆಗೆ ಶಿವಯೋಗಮಂದಿರ ಇಂದಿಗೂ ಹೆಸರಾಗಿದೆ. ಹಿರೇಕೆರೂರು ತಾಲೂಕಿನ ಅಬಲೂರು ಏಕಾಂತದ ರಾಮಯ್ಯನ ಹೆಸರಿನೊಡನೆ ಬೆಸೆದುಕೊಂಡ ಊರು. ಅಲ್ಲಿಯ ಸೋಮೇಶ್ವರ ಗುಡಿಯ ಶಾಸನ ಆತನ ಶಿವಭಕ್ತಿಯನ್ನು ಹೇಳುತ್ತದೆ. ಸವಣೂರಿನಲ್ಲಿ ಉತ್ತರಾದಿಮಠದ ಸತ್ಯಬೋಧತೀರ್ಥರ ವೃಂದಾವನವಿದೆ. ಅವರು 1744ರಿಂದ 1783ರವರೆಗೆ ಪೀಠದಲ್ಲಿದ್ದವರು. ಮಾಧ್ವ ಮನೆತನಗಳ ತುಳಸೀಮಣಿಗೆ ಆ ಊರು ಸಹಜ ನೆಲೆ. ಶಿಗ್ಗಾಂವಿ ತಾಲೂಕಿನ ಬಾಡ ಹರಿಭಕ್ತ ಕನಕದಾಸರ ಹುಟ್ಟೂರು. ಆಷಾಢ ಏಕಾದಶಿಗೆ ಪಂಢರಪುರದ ದಾರಿ ಹಿಡಿಯುವ ವಾರಕರಿಗಳು, ದಿಂಡಿಯಲ್ಲಿ ತಾಳ ಹಿಡಿದು ಕುಣಿಯುವವರು ತುಳಸೀಮಣಿಯನ್ನು ಕೊರಳಿನಿಂದ ತೆಗೆಯುವುದೇ ಇಲ್ಲ. ನವೆಂಬರ್ ನಡುವಿನಿಂದ ಅಯ್ಯಪ್ಪ ಮಾಲಾಧಾರಿಗಳ ಕಪ್ಪು ಬಟ್ಟೆ ಎಲ್ಲ ಊರುಗಳಲ್ಲೂ ಕಾಣುತ್ತದೆ.

ದಾರ ಈ ಸೀಮೆಯಲ್ಲಿ ಧರ್ಮಗಳ ನಡುವೆಯೂ ಓಡಾಡಿದೆ. ಶಿಗ್ಗಾಂವಿ ತಾಲೂಕಿನ ಶಿಶುನಾಳದ ಶರೀಫರಿಗೆ (1819–1889) ಗುರು ಕಳಸದ ಗೋವಿಂದಭಟ್ಟರು ಜನಿವಾರ ಹಾಕಿದರೆಂಬುದು ಇಲ್ಲಿ ಮನೆಮಾತು. ಮಣಿ ಪೋಣಿಸಿ ಗೊಂಡೆ ಕಟ್ಟುವ ಕಸುಬಿನವರಿಗೆ ಪಟವೇಗಾರರೆಂದು ಹೆಸರು. ಹಾವೇರಿಗೆ ಏಲಕ್ಕಿ ಕಂಪಿನ ಊರೆಂಬ ಹೆಸರು ತಂದ ಏಲಕ್ಕಿ ಮಾಲೆಯನ್ನು ಕಟ್ಟುತ್ತ ಬಂದವರು ಪಟವೇಗಾರ ಎಂಬ ಅಡ್ಡಹೆಸರಿನ ಮುಸ್ಲಿಂ ಕುಶಲಕರ್ಮಿಗಳು. ಬಣ್ಣದ ನೂಲು, ಜರಿ, ಗೊಂಡೆಗಳ ನಡುವೆ ಒಡೆಯುವಂಥ ಏಲಕ್ಕಿಯನ್ನು ಒಡೆಯದಂತೆ ಹಿಡಿದು ನಿಲ್ಲಿಸುವ ಆ ಕೈಗಾರಿಕೆಗೂ ಜಪಸರದ ಪೋಣಿಕೆಗೂ ಇರುವುದು ಒಂದೇ ಜಾಣ್ಮೆ: ದಾರದ ಬಿಗಿ ಎಷ್ಟಿರಬೇಕೆಂಬ ಅಂದಾಜು. ನವಾಬರ ಊರಾದ ಸವಣೂರಿನಲ್ಲಿ 33 ಅಥವಾ 99 ಮಣಿಗಳ ತಸಬಿಗೂ 108 ಮಣಿಗಳ ಜಪಸರಕ್ಕೂ ಬೇಕಾದದ್ದು ಇದೇ ಅಂದಾಜು.

ಶಾಸ್ತ್ರ ಹೇಳುವುದೇನು

ಅಕ್ಷಮಾಲಿಕೋಪನಿಷತ್ತು ಹವಳ, ಮುತ್ತು, ಸ್ಫಟಿಕ, ಶಂಖ, ಬೆಳ್ಳಿ, ಬಂಗಾರ, ಚಂದನ, ಪುತ್ರಜೀವ, ತಾವರೆ, ರುದ್ರಾಕ್ಷಿ ಎಂದು ಹತ್ತು ಬಗೆಯ ಮಣಿಗಳನ್ನು ಹೇಳುತ್ತದೆ. ಮಣಿಯ ಒಳಗಿನ ಸೂತ್ರ ಬ್ರಹ್ಮ, ತೂತು ವಿದ್ಯೆ, ಗಂಟು ಪ್ರಕೃತಿ ಎಂಬ ಭಾವನೆ ಅದರಲ್ಲಿದೆ. ಮಣಿಗೆ ಮುಖ, ಬಾಲಗಳಿವೆಯೆಂದೂ ಮುಖಕ್ಕೆ ಮುಖ, ಬಾಲಕ್ಕೆ ಬಾಲ ಸೇರಿಸಿ ಪೋಣಿಸಬೇಕೆಂದೂ ತಂತ್ರಗ್ರಂಥಗಳ ವಿಧಿ. ರುದ್ರಾಕ್ಷಿಯಲ್ಲಿ ತೊಟ್ಟಿನ ಕಡೆ ಒಂದು ತರಹ, ತುದಿಯ ಕಡೆ ಒಂದು ತರಹ ಇರುವುದನ್ನು ಕೈಯಲ್ಲಿ ಹಿಡಿದು ನೋಡಿದರೆ ತಿಳಿಯುತ್ತದೆ. ಈ ವಿಧಿಯನ್ನು ಪಾಲಿಸಿದ ಸರದಲ್ಲಿ ಚೂಪು ಅಂಚು ಚೂಪು ಅಂಚಿನ ಎದುರಿಗೇ ಬರುತ್ತದೆ. ಅಂಥ ಕಡೆ ನಡುವೆ ಗಂಟಿಲ್ಲದಿದ್ದರೆ ದಾರ ಎರಡೂ ಕಡೆಯಿಂದ ಸವೆಯುತ್ತದೆ. ಗಂಟನ್ನು ಒತ್ತಿ ಹೇಳಿದವರು ಇದನ್ನು ಕಂಡೇ ಹೇಳಿರಬೇಕು.

ದಾರದ ವಿಚಾರದಲ್ಲಿ ಆ ಗ್ರಂಥಗಳ ಒಲವು ಹತ್ತಿ ಮತ್ತು ಪಟ್ಟೆಸೂತ್ರ, ಅಂದರೆ ರೇಷ್ಮೆನೂಲಿನ ಕಡೆಗೆ. ಕನ್ಯೆ ನೂತ ಹತ್ತಿಯ ನೂಲು ಶ್ರೇಷ್ಠ. ಅದನ್ನು ಮೂರು ಎಳೆ ಮಾಡಿ ಹೊಸೆದು, ಹೊಸೆದದ್ದನ್ನು ಮತ್ತೆ ಮೂರು ಮಾಡಿ ಹೊಸೆಯಬೇಕು. ಜನಿವಾರದ ಒಂಬತ್ತು ಎಳೆಯ ಲೆಕ್ಕವೂ ಇದೇ. ಬಿಳಿ, ಕೆಂಪು, ಹಳದಿ, ಕಪ್ಪು ಬಣ್ಣಗಳಿಗೆ ಬೇರೆ ಬೇರೆ ವಿನಿಯೋಗ ಹೇಳಿದ್ದಾರೆ. ಬಣ್ಣದ ಫಲವನ್ನು ನಂಬುವುದು ಅವರವರ ಶ್ರದ್ಧೆಗೆ ಬಿಟ್ಟದ್ದು. ಮೂರು ಮೂರಾಗಿ ಹೊಸೆಯುವ ವಿಧಿಯಂತೂ ಹುರಿಯ ಕಸುಬು ಬಲ್ಲವರ ಮಾತು. ನೂಲುವಾಗ ಎಳೆಗೆ ಒಂದು ಕಡೆಯ ಹುರಿ ಬಿದ್ದಿರುತ್ತದೆ. ಮೂರನ್ನು ಕೂಡಿಸುವಾಗ ಎದುರು ಕಡೆಗೆ ಹೊಸೆದರೆ ಎರಡು ಹುರಿಗಳೂ ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ದಾರ ಬಿಚ್ಚಿಕೊಳ್ಳುವುದಿಲ್ಲ, ಸುರುಳಿಗಟ್ಟುವುದಿಲ್ಲ. ಒಂಬತ್ತರಲ್ಲಿ ಒಂದು ಎಳೆ ಹರಿದರೂ ಉಳಿದ ಎಂಟು ಎಳೆಗಳ ಒತ್ತಡದಲ್ಲಿ ಅದು ಸಿಕ್ಕಿಕೊಂಡೇ ಇರುತ್ತದೆ. ದಾರ ಹರಿಯುವ ಮುನ್ನ ತೊಟ್ಟವರಿಗೆ ಕಣ್ಣಿಗೆ ಕಾಣುವಂತೆ ನವಿರೇಳುತ್ತದೆ. ಈ ಮುನ್ಸೂಚನೆ ಒಂಟಿ ಎಳೆಯ ನೈಲಾನಿನಲ್ಲಿ ಸಿಗುವುದಿಲ್ಲ.

ದಾರ ಎಲ್ಲಿ ಹರಿಯುತ್ತದೆ

ಸರದ ಭಾರಕ್ಕೆ ದಾರ ಹರಿಯಿತೆಂದು ಜನ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿದರೆ ಭಾರ ಏನೇನೂ ಅಲ್ಲ. 8 ಮಿ.ಮೀ. ಗಾತ್ರದ 108 ಸ್ಫಟಿಕ ಮಣಿಗಳ ತೂಕ ಸುಮಾರು 75 ಗ್ರಾಂ. ಅಷ್ಟೇ ಗಾತ್ರದ ತುಳಸೀಮಣಿಗಳದ್ದು ಅದರ ಕಾಲು ಪಾಲು. ಸಾಧಾರಣ ಹೊಲಿಗೆ ದಾರವೂ ಇದನ್ನು ಹೊರುತ್ತದೆ. ಹರಿಯುವುದು ತೂತಿನ ಅಂಚಿನಲ್ಲಿ. ಹಳೆಯ ಸರವೊಂದನ್ನು ಬಿಚ್ಚಿ ದಾರವನ್ನು ಬೆಳಕಿಗೆ ಹಿಡಿದರೆ ಇದು ಸ್ಪಷ್ಟವಾಗುತ್ತದೆ: ಮಣಿಯ ಒಳಗಿದ್ದ ಭಾಗ ಬೆಳ್ಳಗೆ, ತುಂಬಿಕೊಂಡು ಇರುತ್ತದೆ, ಅಂಚು ತಾಗಿದ ಕಡೆಯಲ್ಲೆಲ್ಲ ಬೆವರು, ಎಣ್ಣೆ, ಭಸ್ಮ ಸೇರಿ ಕಪ್ಪು ಉಂಗುರ ಕಟ್ಟಿ, ಎಳೆ ಅರ್ಧಕ್ಕೆ ಸಣ್ಣಗಾಗಿರುತ್ತದೆ.

ಮಣಿಗೊಂದು ತೂತು, ತೂತಿಗೊಂದು ಸ್ವಭಾವ. ರುದ್ರಾಕ್ಷಿಗೆ ನಡುವೆ ಹುಟ್ಟಿನಿಂದಲೇ ಸೀಳು ಇರುತ್ತದೆ. ಅದರ ಒಳಗೋಡೆ ಒರಟು, ಅಂಚಿನಲ್ಲಿ ಮುಳ್ಳಿನಂಥ ಮೊನೆಗಳು. ನೇಪಾಳ, ಇಂಡೋನೇಷ್ಯಾಗಳಿಂದ ಬರುವ ಐದು ಮುಖದ ಮಣಿಗಳೇ ಪೇಟೆಯಲ್ಲಿ ಹೆಚ್ಚು. ನಮ್ಮ ಸಹ್ಯಾದ್ರಿಯ ಕಾಡುಗಳಲ್ಲಿ ರುದ್ರಾಕ್ಷಿಯೆಂದೇ ಕರೆಯುವ ಮರ ಅದೇ ಕುಲದ ಬೇರೆ ಜಾತಿ. ಸ್ಫಟಿಕದ ಕಾಠಿಣ್ಯ ಮೋಸ್ ಮಾನದಲ್ಲಿ 7, ಉಕ್ಕಿನ ಚಾಕುವಿಗಿಂತ ಹೆಚ್ಚು. ಕೊರೆದ ತೂತಿನ ಅಂಚನ್ನು ನಯ ಮಾಡದೆ ಬಿಟ್ಟಿದ್ದರೆ ಅದು ಯಾವ ದಾರವನ್ನೂ ಗರಗಸದ ಹಾಗೆ ಕೊಯ್ಯುತ್ತದೆ. ತುಳಸಿ ಇದಕ್ಕೆ ತದ್ವಿರುದ್ಧ: ಮೆದು ಕಟ್ಟಿಗೆ, ಸಣ್ಣ ತೂತು, ಅಲ್ಲಿ ಅಪಾಯ ಮಣಿಗೆ. ತಾವರೆಬೀಜ, ಪುತ್ರಜೀವ, ರಕ್ತಚಂದನಗಳು ಇವುಗಳ ನಡುವೆ ಬರುತ್ತವೆ.

ಜಪದ ಸರಕ್ಕೂ ಕೊರಳ ಸರಕ್ಕೂ ಸವೆತ ಬೇರೆ. ಜಪದಲ್ಲಿ ನಡುಬೆರಳು, ಹೆಬ್ಬೆರಳುಗಳ ನಡುವೆ ಒಂದೊಂದೇ ಮಣಿಯನ್ನು ಎಳೆಯುತ್ತಾರೆ. ಸರದ ಎರಡೂ ತುದಿ ಕೂಡುವ ಮೇರುಮಣಿಯನ್ನು ದಾಟದೆ ಹಿಂತಿರುಗುತ್ತಾರೆ. ಹೀಗೆ ತಿರುಗುವ ಕಡೆ, ಮೇರುವಿನ ಎರಡೂ ಪಕ್ಕದ ಮೂರು ನಾಲ್ಕು ಮಣಿಗಳ ದಾರ ಬೇಗ ದಣಿಯುತ್ತದೆ. ಕೊರಳ ಸರದಲ್ಲಿ ಹಿಂದಲೆಯ ಕೆಳಗೆ, ಬೆವರು ಇಳಿಯುವ ಕಡೆ, ಅಂಗಿಯ ಕಾಲರು ಉಜ್ಜುವ ಕಡೆ ಸವೆತ ಹೆಚ್ಚು.

ಹತ್ತಿ

ಹತ್ತಿ ಈ ನೆಲದ್ದೇ ಬೆಳೆ. ಧಾರವಾಡ ಸೀಮೆಯ ದೇಶಿ ಹತ್ತಿ ಕುಮಟಾ ಬಂದರಿನಿಂದ ಹಡಗೇರುತ್ತಿದ್ದ ಕಾರಣ ವ್ಯಾಪಾರದಲ್ಲಿ ‘ಕುಂಪ್ಟಾ’ ಎಂದೇ ಹೆಸರಾಯಿತು. 1840ರ ದಶಕದಲ್ಲಿ ಬ್ರಿಟಿಷರು ಅಮೆರಿಕದ ತಳಿಯನ್ನು ಇಲ್ಲಿ ಬೆಳೆಸಿದರು. 1861–65ರ ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ಧಾರವಾಡ ಹತ್ತಿಗೆ ಬಂಗಾರದ ಬೆಲೆ ಬಂತು. ಮುಂದೆ ಜಯಧರ ಎಂಬ ದೇಶಿ ತಳಿ, 1972ರಲ್ಲಿ ವರಲಕ್ಷ್ಮಿ, 1981ರಲ್ಲಿ ಡಿಸಿಎಚ್-32 ಧಾರವಾಡದಿಂದಲೇ ಹೊರಬಂದವು. 2002ರ ನಂತರ ಬಿಟಿ ಬೀಜ ಬಂತು. ಇಂದು ಜಿಲ್ಲೆಯ ಹೊಲಗಳಲ್ಲಿ ಗೋವಿನಜೋಳದ್ದೇ ದೊಡ್ಡ ಪಾಲು.

ಈ ಇತಿಹಾಸ ದಾರಕ್ಕೆ ಹೀಗೆ ಮುಟ್ಟುತ್ತದೆ: ಜಯಧರದಂಥ ದೇಶಿ ಹತ್ತಿಯ ಎಳೆ ಸುಮಾರು 20 ಮಿ.ಮೀ. ಆಸುಪಾಸು, ಒರಟು, ಡಿಸಿಎಚ್-32ರ ಎಳೆ 32 ಮಿ.ಮೀ. ಮೀರುತ್ತದೆ. ಉದ್ದ ಎಳೆಯ ನೂಲು ನಯವಾಗಿ, ತೂತಿನಲ್ಲಿ ಸಿಕ್ಕದೆ ಜಾರುತ್ತದೆ. ಗಿಡ್ಡ ಎಳೆಯದು ನವಿರು ಬಿಡುತ್ತದೆ, ಆದರೆ ಗಂಟು ಜಾರುವುದಿಲ್ಲ. ರುದ್ರಾಕ್ಷಿಯ ದೊಡ್ಡ ಸೀಳಿಗೆ ಒರಟು ನೂಲಿನ ದಪ್ಪ ಹುರಿ ಒಳ್ಳೆಯದು. ಅದು ಒಳಗೋಡೆಗೆ ಮೆತ್ತೆಯಂತೆ ತುಂಬಿಕೊಂಡು ಮಣಿಯನ್ನು ಅಲುಗದ ಹಾಗೆ ಹಿಡಿಯುತ್ತದೆ. ತುಳಸಿಗೆ ನಯವಾದ, ಉದ್ದ ಎಳೆಯ ನೂಲೇ ಬೇಕು.

ಹತ್ತಿಯ ಒಂದು ಗುಣ ಬೇರೆ ಯಾವ ಸಾಮಾನ್ಯ ದಾರಕ್ಕೂ ಇಲ್ಲ: ನೀರಲ್ಲಿ ತೊಯ್ದಾಗ ಅದರ ಬಲ ಹೆಚ್ಚುತ್ತದೆ. ರೇಷ್ಮೆ, ನೈಲಾನುಗಳು ತೊಯ್ದಾಗ ಸ್ವಲ್ಪ ಬಲ ಕಳೆದುಕೊಳ್ಳುತ್ತವೆ. ಪಾಲಿಯೆಸ್ಟರ್ ಹೇಗಿದ್ದರೂ ಒಂದೇ. ದಿನವೂ ಸರ ತೆಗೆಯದೆ ಸ್ನಾನ ಮಾಡುವವರಿಗೆ ಹತ್ತಿ ಹೊಂದುವುದು ಈ ಕಾರಣಕ್ಕೆ. ಎರಡನೆಯ ಕಾರಣ ಭಸ್ಮ. ವಿಭೂತಿಯಲ್ಲೂ ಸಾಬೂನಿನಲ್ಲೂ ಕ್ಷಾರವಿರುತ್ತದೆ. ಪ್ರಾಣಿಮೂಲದ ನಾರಾದ ರೇಷ್ಮೆಯನ್ನು ಕ್ಷಾರ ತಿನ್ನುತ್ತದೆ, ಹತ್ತಿಗೆ ಅದು ಅಷ್ಟು ಬಾಧಿಸದು. ತ್ರಿಪುಂಡ್ರ ಧರಿಸಿ, ಕೊರಳಿಗೂ ತೋಳಿಗೂ ಭಸ್ಮ ಹಚ್ಚುವ ಶಿವಭಕ್ತನ ರುದ್ರಾಕ್ಷಿಗೆ ರೇಷ್ಮೆಗಿಂತ ಹತ್ತಿ ಬಾಳಿಕೆ ಬರುವುದು ರಸಾಯನಶಾಸ್ತ್ರದ ಪ್ರಕಾರವೂ ಸರಿಯೇ. ಇಷ್ಟಲಿಂಗದ ಕರಡಿಗೆಯನ್ನು ಎದೆಯ ಮೇಲೆ ಹಿಡಿದಿರುವ ಶಿವದಾರವನ್ನು ಹತ್ತಿಯ ಹಲವು ಎಳೆಗಳಲ್ಲಿ ಹೊಸೆಯುವ ರೂಢಿ ಮನೆಮನೆಯಲ್ಲಿತ್ತು. ಮೈಬಿಟ್ಟು ಅಗಲಬಾರದ ಲಿಂಗವನ್ನು ಆ ದಾರಕ್ಕೆ ಒಪ್ಪಿಸಿದವರು ಅದರ ಸವೆತವನ್ನು ದಿನವೂ ಪೂಜೆಯ ಹೊತ್ತಿಗೆ ಕೈಯಾರೆ ಮುಟ್ಟಿ ನೋಡುತ್ತಿದ್ದರು.

ಹತ್ತಿಯ ಶತ್ರು ತೇವ. ಮೇಲಿನ ಮಣಿ ಒಣಗಿ ಕಂಡರೂ ತೂತಿನೊಳಗಿನ ದಾರ ತಾಸುಗಟ್ಟಲೆ ಹಸಿಯಾಗಿರುತ್ತದೆ. ಆಷಾಢ, ಶ್ರಾವಣಗಳಲ್ಲಿ ಹಾನಗಲ್ ಕಡೆ ಇದು ದಿನವಿಡೀ ಒಣಗದೆ ಬೂಷ್ಟು ಹಿಡಿದು, ಮುಗ್ಗುಲು ವಾಸನೆ ಬಂದು, ಕೊನೆಗೆ ಎಳೆ ಪುಡಿಯಾಗುತ್ತದೆ. ಸರಕ್ಕೆ ಪಂಚಾಮೃತದ ಅಭಿಷೇಕ ಮಾಡಿದವರು ಮೇಲಿಂದ ನೀರು ಹಾಕಿ ಬಿಟ್ಟರೆ ಸಾಲದು. ಹಾಲು, ಸಕ್ಕರೆ, ಜೇನಿನ ಅಂಶ ದಾರದಲ್ಲಿ ಉಳಿದರೆ ರಾತ್ರಿ ಇರುವೆ ಮುತ್ತುತ್ತದೆ. ಬೋಗುಣಿಯ ನೀರಲ್ಲಿ ನಾಲ್ಕಾರು ಸಲ ಅದ್ದಿ ಹಿಂಡದೆ, ಗಾಳಿಯಾಡುವ ನೆರಳಲ್ಲಿ ತೂಗುಹಾಕಬೇಕು.

ನೂಲು ಎಲ್ಲಿ ಸಿಗುತ್ತದೆಂಬುದೂ ವಿಚಾರಿಸತಕ್ಕದ್ದು. ಹಿಂದೆ ತಕಲಿಯಲ್ಲಿ, ಚರಕದಲ್ಲಿ ನೂತದ್ದೇ ಜನಿವಾರಕ್ಕೂ ಶಿವದಾರಕ್ಕೂ ಆಗುತ್ತಿತ್ತು. ಈ ಜಿಲ್ಲೆಗೆ ಖಾದಿ ಹೊರಗಿನದಲ್ಲ: ದಂಡಿ ಯಾತ್ರೆಯಲ್ಲಿ ಗಾಂಧೀಜಿಯೊಂದಿಗೆ ನಡೆದು 1943ರಲ್ಲಿ ಹೊಸರಿತ್ತಿಯಲ್ಲಿ ಹುತಾತ್ಮರಾದ ಮೈಲಾರ ಮಹದೇವ ಇಲ್ಲಿಯವರೇ. ಶಿಗ್ಗಾಂವಿಯಿಂದ ಹೆದ್ದಾರಿಯಲ್ಲಿ ಹುಬ್ಬಳ್ಳಿಗೆ ಹೋದರೆ ರಾಷ್ಟ್ರಧ್ವಜ ತಯಾರಿಸುವ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ; ಧಾರವಾಡದಾಚೆ ಗರಗದಲ್ಲಿ ಧ್ವಜದ ಖಾದಿ ನೇಯುತ್ತಾರೆ. ಖಾದಿಯ ಒಂದು ಗುಂಡಿಯಲ್ಲಿ 1000 ಮೀಟರ್ ನೂಲು ಇರುತ್ತದೆ. ಒಂಬತ್ತೆಳೆಯ ಲೆಕ್ಕದಲ್ಲೂ ಹತ್ತಾರು ಜಪಸರಕ್ಕೆ ಅಷ್ಟು ಸಾಕು. ನೂಲು ಕೊಂಡು ಮನೆಯಲ್ಲಿ ತೊಡೆಯ ಮೇಲೆ ಹೊಸೆದುಕೊಳ್ಳುವುದು ಕಷ್ಟದ ಕೆಲಸವಲ್ಲ. ಕೈ ಕುದುರುವುದಕ್ಕೆ ಒಂದೆರಡು ಸಂಜೆ ಬೇಕು.

ಹೂ ಕಟ್ಟುವ ದಾರವನ್ನು ಮಣಿಗೆ ಬಳಸಬಾರದು. ಅದಕ್ಕೆ ಹುರಿಯಿಲ್ಲ, ಒಂದು ದಿನದ ಮಾಲೆಗೆಂದೇ ಮಾಡಿದ್ದು ಅದು. ಬಾಳೆನಾರು, ಪುಂಡಿನಾರುಗಳು ಒಣಗಿದಾಗ ಬಿರುಸಾಗಿ ಗಂಟಿನಲ್ಲಿ ಮುರಿಯುತ್ತವೆ.

ರೇಷ್ಮೆ ಮತ್ತು ರೇಷ್ಮೆಯ ಹೆಸರಿನವು

ದೇಶದಲ್ಲಿ ಹಿಪ್ಪುನೇರಳೆ ರೇಷ್ಮೆಯನ್ನು ಹೆಚ್ಚು ಬೆಳೆಯುವ ನಾಡು ಕರ್ನಾಟಕವೇ. ರಾಮನಗರ, ಶಿಡ್ಲಘಟ್ಟಗಳ ಗೂಡಿನ ಮಾರುಕಟ್ಟೆಗಳು ಹೆಸರುವಾಸಿ. ಒಂದು ಗೂಡಿನಿಂದ ಕಡಿಯದೆ ಬರುವ ಎಳೆ ಸಾವಿರ ಮೀಟರಿನ ಆಚೀಚೆ ಇರುತ್ತದೆ. ಹತ್ತಿಯ ತುಂಡು ಎಳೆಗಳ ಮುಂದೆ ಇದು ಅಖಂಡ. ಸಣ್ಣದಾಗಿದ್ದೂ ಬಲವುಳ್ಳದ್ದು, ನುಣುಪಾದದ್ದು. ಸಣ್ಣ ತೂತಿನ ಮುತ್ತು, ಹವಳ, ಚಿಕ್ಕ ತುಳಸೀಮಣಿಗಳಿಗೆ ರೇಷ್ಮೆಗೆ ಸಾಟಿಯಿಲ್ಲ. ಗಂಟು ಸಣ್ಣದಾಗಿ, ದುಂಡಗೆ ಕೂರುತ್ತದೆ. ಮಡಿಯ ಮನೆಗಳಲ್ಲಿ ಮಗಟಕ್ಕೆ ಇರುವ ಗೌರವ ರೇಷ್ಮೆದಾರಕ್ಕೂ ಇದೆ. ದೇವರಮನೆಯಲ್ಲಿ ಗೋಮುಖಿ ಚೀಲದೊಳಗೆ ಇಟ್ಟು, ಮಡಿಯಲ್ಲಿ ಮಾತ್ರ ಮುಟ್ಟುವ ಜಪಸರಕ್ಕೆ ಅದು ಯೋಗ್ಯ.

ಮೈಮೇಲಿನ ಸರಕ್ಕೆ ಅದು ಹಿಡಿಸದು. ಬೆವರು, ಬಿಸಿಲು, ಸಾಬೂನು ಮೂರೂ ರೇಷ್ಮೆಯನ್ನು ಬಲಗುಂದಿಸುತ್ತವೆ. ನೋಡಲು ಚೆನ್ನಾಗಿದ್ದ ದಾರ ಒಂದು ದಿನ ಹೇಳದೆ ಕೇಳದೆ ಹರಿಯುತ್ತದೆ. ಗೂಡನ್ನು ಬಿಸಿನೀರಿಗೆ ಹಾಕಿ ಹುಳು ಕೊಂದು ತೆಗೆದ ನೂಲು ಜಪಕ್ಕೆ ಬೇಡವೆನ್ನುವವರೂ ಇದ್ದಾರೆ. ಅಹಿಂಸೆಯನ್ನು ವ್ರತವಾಗಿ ಹಿಡಿದವರ ಕೈಯಲ್ಲಿ ಹತ್ತಿಯಿರುವುದೇ ಸರಿ ಎಂಬುದು ಈ ಲೇಖಕನ ಅಭಿಪ್ರಾಯವೂ ಹೌದು.

ಪೇಟೆಯಲ್ಲಿ ‘ರೇಷ್ಮೆ ದಾರ’ ಎಂದು ಕೊಡುವ ಹೊಳೆಯುವ ರೀಲುಗಳಲ್ಲಿ ಹೆಚ್ಚಿನವು ರೇಷ್ಮೆಯಲ್ಲ, ರೇಯಾನ್ ಅಥವಾ ಪಾಲಿಯೆಸ್ಟರ್. ರೇಯಾನ್ ಕಟ್ಟಿಗೆಯ ತಿರುಳಿನಿಂದ ಮಾಡುವ ನಾರು. ಅಂಥ ನಾರಿನ ದೊಡ್ಡ ಕಾರ್ಖಾನೆ ಇದೇ ಜಿಲ್ಲೆಯ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, 1970ರ ದಶಕದಿಂದ ಇದೆ. ಬಟ್ಟೆಗೆ ಅದು ಒಳ್ಳೆಯ ನಾರು. ಆದರೆ ಸಾಮಾನ್ಯ ರೇಯಾನ್ ತೊಯ್ದಾಗ ಹೆಚ್ಚುಕಡಿಮೆ ಅರ್ಧ ಬಲ ಕಳೆದುಕೊಳ್ಳುವುದರಿಂದ ಸರಕ್ಕೆ ತಕ್ಕುದಲ್ಲ. ಗೊಂಡೆಗೆ ಮಾತ್ರ ಆಗಬಹುದು.

ಯಾವುದು ಯಾವುದೆಂದು ತಿಳಿಯಲು ಸುಟ್ಟು ನೋಡುವುದೇ ದಾರಿ. ಬೆರಳುದ್ದದ ತುಂಡನ್ನು ಚಿಮಟದಲ್ಲಿ ಹಿಡಿದು ದೀಪಕ್ಕೆ ಒಡ್ಡಬೇಕು. ಹತ್ತಿ ಕಾಗದದಂತೆ ಉರಿದು ಹಗುರ ಬೂದಿಯಾಗುತ್ತದೆ; ರೇಯಾನೂ ಹಾಗೆಯೇ. ಇವೆರಡನ್ನು ಬೇರ್ಪಡಿಸಲು ನೀರಲ್ಲಿ ನೆನೆಸಿ ಎಳೆದು ನೋಡಿದರೆ ಸಾಕು, ರೇಯಾನ್ ಸುಲಭವಾಗಿ ಕಡಿಯುತ್ತದೆ. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ. ತುದಿಯ ಕಪ್ಪು ಗುಂಡು ಬೆರಳಲ್ಲಿ ಹಿಚುಕಿದರೆ ಪುಡಿಯಾಗುತ್ತದೆ. ನೈಲಾನ್, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತವೆ, ಹಿಚುಕಿದರೆ ಒಡೆಯುವುದಿಲ್ಲ.

ಕಾರ್ಖಾನೆಯ ದಾರ, ತಂತಿ, ರಬ್ಬರು

ನೈಲಾನ್ 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಪಾಲಿಯೆಸ್ಟರ್ ನಾರು 1941ರಲ್ಲಿ ಇಂಗ್ಲೆಂಡಿನಲ್ಲಿ. ಇಂದು ಬಸ್‌ಸ್ಟ್ಯಾಂಡಿನ ಬಳಿ, ಜಾತ್ರೆಯ ಅಂಗಡಿಗಳಲ್ಲಿ ಸಿಗುವ ಸಿದ್ಧ ಸರಗಳು ಬಹುಮಟ್ಟಿಗೆ ಇವುಗಳಲ್ಲೇ ಪೋಣಿಸಿದವು. ಇವನ್ನು ಒಟ್ಟಾರೆ ದೂರುವುದು ನ್ಯಾಯವಲ್ಲ. ಹೆಣೆದ ಪಾಲಿಯೆಸ್ಟರ್ ಹುರಿ ಹಿಗ್ಗುವುದಿಲ್ಲ, ಕೊಳೆಯುವುದಿಲ್ಲ, ಬೇಗ ಒಣಗುತ್ತದೆ. ಹಾನಗಲ್ ಕಡೆಯ ಗದ್ದೆಯಲ್ಲಿ ಮಳೆಗಾಲವಿಡೀ ಕೆಸರಲ್ಲಿ ನಿಂತು ದುಡಿಯುವವರ ಕೊರಳ ರುದ್ರಾಕ್ಷಿಗೆ ಅದು ವಿವೇಕದ ಆಯ್ಕೆ. ಸ್ಫಟಿಕಕ್ಕೂ ಅದೇ ತಕ್ಕುದು. ಅಂಚು ಕೊಯ್ಯುವುದನ್ನು ಹತ್ತಿಗಿಂತ ಹೆಚ್ಚು ಕಾಲ ತಡೆಯುತ್ತದೆ. ನೈಲಾನ್ ಭಾರಕ್ಕೆ ಹಿಗ್ಗುತ್ತದೆ, ಬಿಸಿಲಿಗೆ ಪೆಡಸಾಗುತ್ತದೆ. ಗಂಟಿಲ್ಲದ ಸರದಲ್ಲಿ ಹಿಗ್ಗಿದಷ್ಟೂ ಮಣಿಗಳು ತಾಗಾಡುತ್ತವೆ.

ಒಪ್ಪಲಾಗದ್ದು ಮೀನಿನ ಗಾಳಕ್ಕೆ ಕಟ್ಟುವಂಥ ಒಂಟಿ ಎಳೆಯ ಬಿರುಸು ನೈಲಾನನ್ನು ತುಳಸಿಗೆ ಹಾಕುವುದು. ಎಳೆ ಸಣ್ಣ, ಗಟ್ಟಿ, ನುಣುಪು. ಮೆದು ಕಟ್ಟಿಗೆಯ ತೂತಿನ ಅಂಚನ್ನು ಅದು ಕೊರೆಯುತ್ತ ಹೋಗಿ ತೂತು ಕೊಳವೆಯಾಕಾರ ಬಿಟ್ಟು ಸೀಳಾಗುತ್ತದೆ. ಮಣಿ ಅಲ್ಲಿಯೇ ಹೋಳಾಗುತ್ತದೆ. ಅದರ ಗಂಟೂ ತಾನಾಗಿ ಬಿಚ್ಚಿಕೊಳ್ಳುತ್ತದೆ, ಬಿಚ್ಚದಿರಲೆಂದು ತುದಿ ಸುಟ್ಟರೆ ಆ ಗುಂಡು ಕೊರಳನ್ನು ಗೀರುತ್ತದೆ.

ತಾಮ್ರ, ಬೆಳ್ಳಿ ತಂತಿಯಲ್ಲಿ ಕಟ್ಟಿಸುವುದು ಅಕ್ಕಸಾಲಿಗರ ಕೆಲಸ. ಅಕ್ಷಮಾಲಿಕೋಪನಿಷತ್ತಿನಲ್ಲೇ ಬಂಗಾರ, ಬೆಳ್ಳಿ, ತಾಮ್ರಗಳನ್ನು ಮಣಿಗೆ ಕೂಡಿಸುವ ಮಾತಿದೆ. ಪ್ರತಿ ಮಣಿಗೂ ಬೇರೆ ಬೇರೆ ಕೊಂಡಿ ಹಾಕಿ ಸರಪಳಿಯಂತೆ ಜೋಡಿಸಿದರೆ ಬಾಳಿಕೆ ಬರುತ್ತದೆ. 108 ಮಣಿಗೂ ಒಂದೇ ತಂತಿ ಎಳೆದರೆ ಬಾಗಿದ ಕಡೆಯೇ ಮತ್ತೆ ಮತ್ತೆ ಬಾಗಿ, ಲೋಹ ಪೆಡಸಾಗಿ ಮುರಿಯುತ್ತದೆ. ತಾಮ್ರ ಬೆವರಿಗೆ ಹಸಿರು ಕಿಲುಬು ಬಿಡುತ್ತದೆ, ಬೆಳ್ಳಿ ಕಪ್ಪಾಗುತ್ತದೆ. ಕೊಂಡಿಯ ಸರ ಧಾರಣೆಗೆ ಚೆನ್ನ. ಬೆರಳಲ್ಲಿ ಎಣಿಸುವಾಗ ತಂತಿಯ ಸುತ್ತು ಉಗುರಿಗೆ ಸಿಕ್ಕಿ ಜಪದ ಲಯ ಕೆಡುತ್ತದೆ. ಮುಂಗೈಗೆ ಹಾಕುವ ರಬ್ಬರಿನ ಇಲ್ಯಾಸ್ಟಿಕ್ ದಾರ ಬಿಸಿಗೆ, ಬೆವರಿಗೆ ಜೀವ ಕಳೆದುಕೊಳ್ಳುತ್ತದೆ. ಎಳೆದಾಗ ಎರಡು ಮಣಿ ಒಟ್ಟಿಗೆ ಜಾರುವುದರಿಂದ ಎಣಿಕೆಗೂ ಅದು ಬಾರದು.

ಅಯ್ಯಪ್ಪ ವ್ರತದ ಮಾಲೆಗೆ ಇಷ್ಟೆಲ್ಲ ಚರ್ಚೆ ಬೇಡ. 41 ದಿನದ ಮಂಡಲಕ್ಕೆ ಯಾವ ದಾರವೂ ಸಾಕು. ಮೇರುವಿನ ಬಳಿಯ ಗಂಟನ್ನು ಮಾತ್ರ ತೊಡುವ ಮೊದಲೇ ಎಳೆದು ನೋಡಬೇಕು, ವ್ರತದ ನಡುವೆ ಮಾಲೆ ಹರಿದರೆ ಮನಸ್ಸಿಗೆ ಆಗುವ ಕಸಿವಿಸಿ ದೊಡ್ಡದು.

ಪೋಣಿಸುವುದು

8 ಮಿ.ಮೀ.ನ 108 ರುದ್ರಾಕ್ಷಿಗಳನ್ನು ನಡುನಡುವೆ ಗಂಟು ಹಾಕಿ ಕಟ್ಟಿದರೆ ಸರ ಸುಮಾರು ಒಂದು ಮೀಟರ್ ಆಗುತ್ತದೆ. 1 ಮಿ.ಮೀ. ದಪ್ಪದ ಹುರಿಯ ಒಂದೊಂದು ಗಂಟೂ ಒಂದು ಸೆಂ.ಮೀ.ಗಿಂತ ತುಸು ಹೆಚ್ಚೇ ದಾರ ನುಂಗುತ್ತದೆ. ಮೇರು, ಗೊಂಡೆಗೆ ಬಿಡುವುದನ್ನೂ ಸೇರಿಸಿ ಎರಡು ಮಾರು ದಾರ ತೆಗೆದುಕೊಂಡರೆ ನಡುವೆ ತುಂಡು ಕೂಡಿಸುವ ಪ್ರಸಂಗ ಬರುವುದಿಲ್ಲ. ಕೂಡಿಸಿದ ಕಡೆಯೇ ಮುಂದೆ ಹರಿಯುತ್ತದೆಂಬುದನ್ನು ಕಸುಬಿನವರೆಲ್ಲ ಬಲ್ಲರು.

ಮೊದಲು ಮಣಿಯ ಸೀಳಿಗೆ ಒರಟು ಸೂಜಿ ತೂರಿಸಿ, ಒಳಗಿನ ಒಣ ತಿರುಳು, ಪುಡಿಯನ್ನು ತೆಗೆಯಬೇಕು. ಅಂಚಿನ ಮೊನೆಗಳನ್ನು ದಬ್ಬಣದ ತುದಿಯಿಂದ ತಿರುವಿ ನಯಮಾಡಬೇಕು. ಈ ಒಂದು ಕೆಲಸ ದಾರದ ಆಯಸ್ಸನ್ನು ಹೆಚ್ಚಿಸುವಷ್ಟು ದುಬಾರಿ ನೂಲೂ ಹೆಚ್ಚಿಸದು. ಆಮೇಲೆ ಮಣಿಗಳಿಗೆ ಎಳ್ಳೆಣ್ಣೆ ಸವರಿ ಒರೆಸಿ ಎರಡು ದಿನ ಬಿಡಬಹುದು. ಅಗಸಿ ಎಣ್ಣೆ ಸಲ್ಲದು: ಅದು ಗಾಳಿಗೆ ಗಟ್ಟಿಯಾಗುವ ಎಣ್ಣೆ, ದಾರವನ್ನು ಬಿರುಸು ಕಡ್ಡಿ ಮಾಡುತ್ತದೆ. ಹುರಿಗೆ ಜೇನುಮೇಣ ತೀಡಿ ಬೆರಳಲ್ಲಿ ಎರಡು ಸಲ ಎಳೆದರೆ ನವಿರು ಕೂರುತ್ತದೆ, ನೀರೂ ಬೇಗ ಒಳಗಿಳಿಯುವುದಿಲ್ಲ. ತುದಿಗೆ ಮೇಣ ಹೆಚ್ಚು ಹಚ್ಚಿ ಹೊಸೆದರೆ ಅದೇ ಸೂಜಿ.

ಒಂದು ಮಣಿ ಏರಿಸಿ, ಸಡಿಲ ಗಂಟು ಹಾಕಿ, ಗಂಟಿನ ಕುಣಿಕೆಯೊಳಗೆ ದಬ್ಬಣದ ಮೊನೆ ಇಟ್ಟು ಅದನ್ನು ಮಣಿಯ ಬಾಯಿಗೆ ತಾಗುವ ತನಕ ಸರಿಸಬೇಕು. ದಬ್ಬಣ ಹಿಂದೆಗೆದು ಬಿಗಿದರೆ ಗಂಟು ಅಲ್ಲಿಯೇ ಕೂರುತ್ತದೆ. ಬಿಗಿ ಹೆಚ್ಚಾದರೆ ಸರ ಬಾರುಕೋಲಿನಂತೆ ಸೆಟೆದು ಮಡಚುವುದಿಲ್ಲ. ಕಡಿಮೆಯಾದರೆ ಮಣಿ ತಿರುಗಿ ತಿರುಗಿ ದಾರ ಅರೆಯುತ್ತದೆ. ಮಣಿಯನ್ನು ಬೆರಳಲ್ಲಿ ಹಿಡಿದಾಗ ಕೂದಲೆಳೆಯಷ್ಟು ಆಡಬೇಕು. ಮಂತ್ರಶಾಸ್ತ್ರದಲ್ಲಿ ಎರಡೂವರೆ ಸುತ್ತಿನ ಬ್ರಹ್ಮಗಂಟು ಹೇಳಿದ್ದು ದೊಡ್ಡ ಸೀಳಿನ ಮಣಿಗೆ ಹೊಂದುತ್ತದೆ, ಅದಕ್ಕೆ ದಾರವನ್ನು ಇನ್ನೂ ಒಂದು ಮಾರು ಹೆಚ್ಚು ಹಿಡಿಯಬೇಕು. ಗಂಟು ಇದ್ದರೆ ಸರ ಹರಿದಾಗಲೂ ಬೀಳುವುದು ಒಂದೋ ಎರಡೋ ಮಣಿ. ಕಣ್ಣು ಮುಚ್ಚಿ ಜಪ ಮಾಡುವವರ ಬೆರಳಿಗೆ ಒಂದು ಮಣಿ ಮುಗಿದು ಇನ್ನೊಂದು ಬಂತೆಂದು ತಿಳಿಸುವುದೂ ಗಂಟೇ.

ಕೊನೆಗೆ ಎರಡೂ ತುದಿಗಳನ್ನು ಮೇರುಮಣಿಯಲ್ಲಿ ಒಟ್ಟಿಗೆ ಹಾಯಿಸಬೇಕಾಗುವುದರಿಂದ ಮೇರುವಿಗೆ ದೊಡ್ಡ ಸೀಳಿನ ಮಣಿಯನ್ನು ಮೊದಲೇ ತೆಗೆದಿಟ್ಟುಕೊಳ್ಳಬೇಕು. ಬಣ್ಣದ ದಾರವಾದರೆ ಪೋಣಿಸುವ ಮೊದಲು ಬಿಳಿ ಅರಿವೆಯಲ್ಲಿ ಸುತ್ತಿ ನೀರಲ್ಲಿ ನೆನೆಸಿ ನೋಡುವುದು ಒಳ್ಳೆಯದು. ಕೆಂಪು ದಾರಗಳು ಬಣ್ಣ ಬಿಟ್ಟು ಅಂಗಿ, ಪಂಚೆ ಕೆಡಿಸುತ್ತವೆ. ಅರಿಶಿನದಲ್ಲಿ ಅದ್ದಿದ ದಾರ ಬಿಸಿಲಿಗೆ ಮಂಕಾಗುತ್ತದೆ, ಕ್ಷಾರ ತಾಗಿದರೆ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಇದೇ ಗುಣದಿಂದ. ವಿಭೂತಿ ಹಚ್ಚುವವರ ಹಳದಿ ದಾರ ಅಲ್ಲಲ್ಲಿ ಕೆಂಪು ಮಚ್ಚೆ ಹೊತ್ತರೆ ಭಯಪಡಬೇಕಾಗಿಲ್ಲ.

ದಾರ ಬದಲಿಸುವುದು

ದಿನವೂ ಜಪಕ್ಕೆ ಬಳಸುವ ಹತ್ತಿದಾರವನ್ನು ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ. ಜನಿವಾರ ಬದಲಿಸುವ ಶ್ರಾವಣದ ಉಪಾಕರ್ಮವನ್ನೋ ಮಹಾಶಿವರಾತ್ರಿಯನ್ನೋ ಗೊತ್ತು ಮಾಡಿಕೊಂಡರೆ ಮರೆಯುವುದಿಲ್ಲ. ದಾರದ ದೃಷ್ಟಿಯಿಂದ ಶಿವರಾತ್ರಿಯೇ ಮೇಲು: ಆ ಹೊತ್ತಿಗೆ ಗಾಳಿ ಒಣಗಿರುತ್ತದೆ, ತೊಳೆದ ಮಣಿ ಒಳಗಿನವರೆಗೂ ಆರುತ್ತದೆ, ಶ್ರಾವಣದಲ್ಲಾದರೆ ಹಸಿ ಮಣಿಗೆ ಹೊಸ ದಾರ ಹಾಕಿದಂತಾಗುತ್ತದೆ. ಅದಕ್ಕೂ ಮುಂಚೆ ದಾರ ನವಿರೆದ್ದಿದ್ದರೆ, ಮಣಿಗಳ ನಡುವೆ ಎಡೆ ಕಂಡರೆ, ಮೂಗಿಗೆ ಮುಗ್ಗುಲು ಬಂದರೆ ದಿನ ನೋಡದೆ ಬಿಚ್ಚಬೇಕು. ಜಪದ ನಡುವೆ ಸರ ಹರಿದರೆ ಮತ್ತೆ ಪೋಣಿಸಿ, ಶುದ್ಧಿ ಮಾಡಿ, ಹೆಚ್ಚಿನ ಜಪ ಮಾಡಬೇಕೆಂಬ ವಿಧಿಯಿದೆ. ಹರಿದದ್ದು ಅಪಶಕುನವೆಂದು ಮಣಿಗಳನ್ನೇ ಬಿಸಾಡುವುದಕ್ಕೆ ಆ ವಿಧಿಯಲ್ಲಿ ಆಧಾರವಿಲ್ಲ.

ಹಳೆಯ ದಾರವನ್ನು ವರದೆಗೋ ಕುಮುದ್ವತಿಗೋ ಬಿಡುವ ವಾಡಿಕೆ ಹತ್ತಿ, ರೇಷ್ಮೆಗಳ ಕಾಲದ್ದು. ಆ ನಾರುಗಳು ನೀರಲ್ಲಿ ಕೊಳೆತು ಹೋಗುತ್ತವೆ. ನೈಲಾನ್, ಪಾಲಿಯೆಸ್ಟರ್ ಕೊಳೆಯುವುದಿಲ್ಲ. ಹೊಳೆಗೆ ಬಿಟ್ಟರೆ ಮೀನಿನ ಕಿವಿರಿಗೆ, ದನದ ಹೊಟ್ಟೆಗೆ ಸೇರುತ್ತವೆ. ಹತ್ತಿಯ ದಾರವನ್ನು ತುಳಸಿಕಟ್ಟೆಯ ಮಣ್ಣಿನಲ್ಲೋ ಬಿಲ್ವದ ಬುಡದಲ್ಲೋ ಹೂಳಿದರೂ ವಿಸರ್ಜನೆಯೇ ಆಗುತ್ತದೆ. ಕಾರ್ಖಾನೆಯ ದಾರವನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಒಣಕಸದ ಗಾಡಿಗೆ ಕೊಡತಕ್ಕದ್ದು.